ಶಹಾಪುರದ ಡಿಟಿಪಿ ಅಂಗಡಿ ಮತ್ತು ಪೈಥಾನ್ 3.8

ಇಲ್ಲಿ ಏನಾದರೂ ಬರೆದು ಬಹಳ ದಿನವಾಯಿತು. ಆಫೀಸು, ಊರು, ಮತ್ತೆ ಆಫೀಸು ಅಂತ ಓಡಾಡುವುದರಲ್ಲೇ ಎರಡು ತಿಂಗಳು ಹೋಯಿತು. ನುಡಿ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸುವ ಒಂದು ಪುಟ್ಟ ತಂತ್ರಾಂಶ ಬರೆದು ಓಪನ್ ಸೋರ್ಸ್ ಆಗಿ ಹಾಕಿದ್ದೇನೆ ಅಂತ ಹಿಂದೊಮ್ಮೆ ಹೇಳಿದ್ದೆನಲ್ಲ, ಇದು ಅದರ ಮುಂದಿನ ಕಥೆ. ಬರೆಯಲು ಕೂತರೆ ಹಿಂದಕ್ಕೆ ಹಿಂದಕ್ಕೆ ಹೋಗಿ ವಿಂಡೋಸ್ 98ಕ್ಕೆ ಮುಟ್ಟಿತು. ಸ್ವಲ್ಪ ಉದ್ದವಾಗಿದೆ, ಚಹಾ ತಗೊಂಡೇ ಕೂತ್ಕೊಳ್ಳಿ :-)

ಹಬ್ಬಕ್ಕೆ ಊರಿಗೆ ಹೋಗಿದ್ದೆ. ಶಹಾಪುರದಲ್ಲಿ ನಮ್ಮ ಕಾಕಾನದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಕೋರ್ಟಿನ ಅರ್ಜಿ, ಎಲ್ಲ ಅಲ್ಲೇ. ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ 7, ಅದರಲ್ಲಿ ನುಡಿ ಮತ್ತು ಪೇಜ್‌ಮೇಕರ್. ಒಮ್ಮೆ ವೈರಸ್ ಬಂದು ಫೈಲು ಹೋದ ಮೇಲೆ ಅದಕ್ಕೆ ಇಂಟರ್ನೆಟ್ ಕೊಡುವುದನ್ನೇ ಕಾಕಾ ನಿಲ್ಲಿಸಿದ್ದಾನೆ. ಆ ಯಂತ್ರದಲ್ಲಿ ನಿವೃತ್ತ ಮಾಸ್ತರೊಬ್ಬರ ಸಂಗ್ರಹವಿದೆ. ಸಗರನಾಡಿನ ಹಳ್ಳಿಗಳಲ್ಲಿ ಇಪ್ಪತ್ತು ವರ್ಷ ತಿರುಗಿ ಬರೆದುಕೊಂಡ ಮೊಹರಂ ಪದ, ಬೀಸುಕಲ್ಲಿನ ಪದ, ಗೀಗೀ ಪದ, ಹೆಚ್ಚುಕಮ್ಮಿ ನಾನೂರು ಪುಟ. ಕೈಬರಹದ ನೋಟ್‌ಬುಕ್ಕುಗಳಲ್ಲಿ ಅರ್ಧ ಗೆದ್ದಲು ತಿಂದಿವೆ. ಹಾಡಿದವರಲ್ಲಿ ಬಹಳಷ್ಟು ಜನ ಈಗಿಲ್ಲ. ಇರುವುದು ಕಾಕಾನ ಹಾರ್ಡ್ ಡಿಸ್ಕಿನಲ್ಲಿರುವ ನುಡಿ ಫೈಲುಗಳು, ಆ ಡಿಸ್ಕು ಈಗ ಕಟ್ ಕಟ್ ಅಂತ ಸದ್ದು ಮಾಡಲು ಶುರು ಮಾಡಿದೆ.

ನಾನು ಜಂಬದಿಂದ ಪೆನ್‌ಡ್ರೈವ್ ಹಾಕಿ ನನ್ನ ತಂತ್ರಾಂಶ ಒತ್ತಿದೆ. ಎಪಿಐ-ಎಂಎಸ್-ವಿನ್-ಕೋರ್-ಪಾಥ್ ಅಂತ ಶುರುವಾಗುವ ಯಾವುದೋ ಡಿಎಲ್ಎಲ್ ಫೈಲು ಇಲ್ಲ ಎಂಬ ಪೆಟ್ಟಿಗೆ ಬಂತು. ಓಕೆ ಒತ್ತಿದೆ. ಅಷ್ಟೇ, ಮುಗೀತು.

"ಏನಪಾ, ನಿಂದೇ ಸಾಫ್ಟ್‌ವೇರ್ ಅಂತಿ, ನಿನ್ನ ಮಾತೇ ಕೇಳವಲ್ದಲ್ಲ?" ಅಂದ ಕಾಕಾ.

ಮಾಸ್ತರು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಏನೂ ಅನ್ನಲಿಲ್ಲ. ಅವರು ಏನಾದರೂ ಅಂದಿದ್ದರೆ ಒಳ್ಳೆಯದಿತ್ತು.

ತಪ್ಪು ನನ್ನದೇ. ಪೈಥಾನ್ 3.9 ಬಂದದ್ದು 2020ರ ಅಕ್ಟೋಬರಿನಲ್ಲಿ, ಅದು ಮತ್ತು ಅದರ ನಂತರದ ಯಾವುದೂ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ನಾನು 'ಕನಿಷ್ಠ ಪೈಥಾನ್ 3.10' ಅಂತ ಬರೆದಿದ್ದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. 3.10ರಲ್ಲಿ 'ಮ್ಯಾಚ್' ಎಂಬ ಹೊಸ ವಾಕ್ಯರಚನೆ ಬಂದಿದೆ, ಇಫ್-ಎಲ್ಸ್ ಸಾಲುಗಳ ಬದಲಿಗೆ ಒಂದೇ ಒಂದು ಕಡೆ ಅದನ್ನು ಬಳಸಿದ್ದೆ. ಚೆಂದ ಕಾಣುತ್ತದೆ ಅಂತ. ಆ ಒಂದು ಚೆಂದಕ್ಕೆ ಮಾಸ್ತರು ಹೊರಗೆ.

ಆವತ್ತು ರಾತ್ರಿ ಮಾಳಿಗೆ ಮೇಲೆ ಮಲಗಿ ಯೋಚನೆ ಮಾಡಿದೆ. ಎಲ್ಲ ಓಪನ್ ಸೋರ್ಸ್ ಯೋಜನೆಗಳಲ್ಲೂ ಒಂದು ಸಾಲು ಇರುತ್ತದೆ: ಇಂಥ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು. ನಾವೆಲ್ಲ ಓದದೆ ದಾಟಿ ಹೋಗುವ ಸಾಲು. ಕನ್ನಡದ ಮಟ್ಟಿಗೆ ಈ ಸಾಲು ಏನೇನು ಮಾಡಿದೆ ಅಂತ ನೋಡಿದರೆ ಒಂದು ಚರಿತ್ರೆಯೇ ಇದೆ.

ಮೊದಲು ವಿಂಡೋಸ್ 95 ಮತ್ತು 98ರ ಕಾಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಜಾಗ ಸಿಕ್ಕರೆ ಸಾಲದು, ಒತ್ತು, ಗುಣಿತ, ಅರ್ಕಾವತ್ತುಗಳನ್ನು ಸರಿಯಾದ ಕಡೆ ಕೂಡಿಸಿ ತೋರಿಸುವ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ ಮಾಡಬೇಕು. ವಿಂಡೋಸ್ 98ಕ್ಕೆ ಕನ್ನಡದ ಮಟ್ಟಿಗೆ ಅದು ಬರುತ್ತಿರಲಿಲ್ಲ. 2000ದಲ್ಲಿ ಬಂದ ವಿಂಡೋಸ್ 2000ಕ್ಕೆ ದೇವನಾಗರಿ ಮತ್ತು ತಮಿಳು ಬಂತು, ಕನ್ನಡ ಬರಲಿಲ್ಲ. 2001ರ ಅಕ್ಟೋಬರಿನಲ್ಲಿ ಎಕ್ಸ್‌ಪಿ ಬಂದಾಗ ತುಂಗಾ ಎಂಬ ಅಕ್ಷರಶೈಲಿಯ ಜೊತೆ ನಮ್ಮ ಸರದಿ ಬಂತು.

ಅಲ್ಲಿಯತನಕ ಏನು ಮಾಡುವುದು? ಶ್ರೀಲಿಪಿ, ಆಕೃತಿ, ಪ್ರಕಾಶಕ್, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ, ಇವೆಲ್ಲ ಒಂದೇ ಉಪಾಯ ಹಿಡಿದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುವುದು. ಕಂಪ್ಯೂಟರ್ ತಾನು ಇಂಗ್ಲಿಷ್ ತೋರಿಸುತ್ತಿದ್ದೇನೆ ಅಂದುಕೊಳ್ಳುತ್ತದೆ, ನಮಗೆ ಕನ್ನಡ ಕಾಣುತ್ತದೆ. ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದದಿಂದ ಫಾಂಟ್ ತೆಗೆದು ನೋಡಿ. ಒಂದು ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಒಂದು ಕ್ಯೂ, ಮತ್ತೊಮ್ಮೆ ಎ. ಒಟ್ಟು ಏಳು ಗುರುತು. ಇವುಗಳಲ್ಲಿ ಎಲ್ಲಿಯೂ ಕನ್ನಡ ಇಲ್ಲ!

ಇದನ್ನು ಹೀಗಳೆಯುವುದು ಇವತ್ತು ಸುಲಭ. ನಾನೂ ಕಾಲೇಜಿನಲ್ಲಿದ್ದಾಗ 'ಆವತ್ತೇ ಯೂನಿಕೋಡ್ ಬಳಸಬೇಕಿತ್ತು' ಅಂತ ಜೋರಾಗಿ ವಾದ ಮಾಡಿದವನೇ. ಆದರೆ ಯೋಚನೆ ಮಾಡಿ. ನಮ್ಮ ಕಡೆಯ ಅಂಗಡಿಗಳಿಗೆ, ತಾಲ್ಲೂಕು ಕಚೇರಿಗಳಿಗೆ ಕಂಪ್ಯೂಟರ್ ಬಂದಾಗ ಅದರಲ್ಲಿ ಇದ್ದದ್ದು 98. ಆಗ ಯಾದಗಿರಿ ಜಿಲ್ಲೆಯೂ ಆಗಿರಲಿಲ್ಲ (2009ರ ಕೊನೆಗೆ ಆಯಿತು), ಎಲ್ಲಕ್ಕೂ ಗುಲ್ಬರ್ಗಕ್ಕೇ ಹೋಗಬೇಕಿತ್ತು. 'ಎಕ್ಸ್‌ಪಿ ಇದ್ದವರಿಗೆ ಮಾತ್ರ' ಅಂತ ಬರಹವೋ ನುಡಿಯೋ ಹೇಳಿದ್ದರೆ ಶಹಾಪುರ, ಸುರಪುರದಲ್ಲಿ ಇನ್ನೈದು ವರ್ಷ ಕನ್ನಡ ಟೈಪೇ ಆಗುತ್ತಿರಲಿಲ್ಲ. ಮಾಸ್ತರು ಪದಗಳನ್ನು ಕಂಪ್ಯೂಟರಿಗೆ ಹಾಕಿಸುತ್ತಿರಲಿಲ್ಲ. ಹಳೆಯ ಯಂತ್ರವನ್ನು ಬಿಟ್ಟುಕೊಡದ ಆ ನಿರ್ಧಾರದಿಂದಲೇ ನಾನೂರು ಪುಟ ಉಳಿದದ್ದು. ಅದೇ ನಿರ್ಧಾರದಿಂದಲೇ ಆ ನಾನೂರು ಪುಟ ಇವತ್ತು ಬೀಗ ಹಾಕಿದ ಪೆಟ್ಟಿಗೆಯೊಳಗಿರುವುದು. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಕೆಟ್ಟದ್ದು ಯಾವುದೆಂದರೆ, ಎಕ್ಸ್‌ಪಿ ಎಲ್ಲ ಕಡೆ ಬಂದ ಮೇಲೂ ವರ್ಷಗಟ್ಟಲೆ ಹಳೆಯ ಪದ್ಧತಿಯಲ್ಲೇ ಹೊಸ ಫೈಲುಗಳು ಹುಟ್ಟುತ್ತಾ ಹೋದದ್ದು. ಎಕ್ಸ್‌ಪಿಯಲ್ಲೂ ಕನ್ನಡ ತಾನಾಗಿಯೇ ಬರುತ್ತಿರಲಿಲ್ಲ ಅನ್ನಿ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಗಳ ಕಡೆ ಒಂದು ಚೌಕದಲ್ಲಿ ಟಿಕ್ ಹಾಕಿದರೆ ಅದು ವಿಂಡೋಸಿನ ಸಿಡಿ ಕೇಳುತ್ತಿತ್ತು. ಸೈಬರ್ ಕೆಫೆಯವನು ಸಿಡಿ ಎಲ್ಲಿಂದ ತರಬೇಕು? ಆಗಿನ ಕನ್ನಡ ಬ್ಲಾಗುಗಳ ಮೂಲೆಯಲ್ಲಿ 'ಅಕ್ಷರಗಳು ಚೌಕ ಚೌಕವಾಗಿ ಕಾಣುತ್ತಿವೆಯೇ?' ಎಂಬ ಕೊಂಡಿ ಇರುತ್ತಿದ್ದದ್ದು ಹಿರಿಯ ಬ್ಲಾಗಿಗರಿಗೆ ನೆನಪಿರಬೇಕು. ನಾನಾಗ ಪ್ರೈಮರಿ ಶಾಲೆ, ಇದೆಲ್ಲ ಆಮೇಲೆ ಆ ಹಳೆಯ ಪುಟಗಳಲ್ಲಿ ಓದಿ ತಿಳಿದದ್ದು. ಕನ್ನಡ ವಿಕಿಪೀಡಿಯ 2003ರಲ್ಲಿ, ಸಂಪದ 2005ರಲ್ಲಿ ಶುರುವಾದವು. ಆ ಚೌಕಗಳ ನಡುವೆಯೇ ಯೂನಿಕೋಡಿನಲ್ಲೇ ಬರೆಯುತ್ತೇವೆ ಅಂತ ಹಟ ಹಿಡಿದವರಿಗೆ ನಾವು ಸಾಲಗಾರರು.

ಈಗ ಓಪನ್ ಸೋರ್ಸ್ ಕಡೆಗೆ ಬನ್ನಿ. ಫೈರ್‌ಫಾಕ್ಸ್ 2 ವಿಂಡೋಸ್ 98ರಲ್ಲೂ ನಡೆಯುತ್ತಿತ್ತು. 2008ರ ಜೂನಿನಲ್ಲಿ ಬಂದ ಫೈರ್‌ಫಾಕ್ಸ್ 3 ನಡೆಯಲಿಲ್ಲ. ಚಿತ್ರ ಬಿಡಿಸುವ ಒಳಗಿನ ವ್ಯವಸ್ಥೆಯನ್ನೇ ಕೈರೋ ಎಂಬ ಹೊಸದಕ್ಕೆ ಬದಲಾಯಿಸಿದ್ದರು, 98ನ್ನು ಜೊತೆಗೆ ಎಳೆದೊಯ್ಯುವುದು ಬೇಡ ಅಂತ ಕೈಬಿಟ್ಟರು. ಮೈಕ್ರೋಸಾಫ್ಟ್ ಕೂಡ 2006ರ ಜುಲೈನಲ್ಲೇ 98ಕ್ಕೆ ಎಳ್ಳುನೀರು ಬಿಟ್ಟಿತ್ತು. ಆದರೆ ಅದೇ ಬದಲಾವಣೆಯಿಂದ ಲಿನಕ್ಸಿನಲ್ಲಿ ಪ್ಯಾಂಗೋ ಎಂಬ ಲಿಪಿ ಜೋಡಿಸುವ ತಂತ್ರಾಂಶ ಫೈರ್‌ಫಾಕ್ಸಿನ ಕಾಯಂ ಭಾಗವಾಯಿತು. ಅದಕ್ಕೂ ಮೊದಲು ಮೊಜಿಲ್ಲಾದವರೇ ಕೊಡುತ್ತಿದ್ದ ಲಿನಕ್ಸ್ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ಅಂದರೆ ಹಳೆಯ ವಿಂಡೋಸನ್ನು ಕೈಬಿಟ್ಟ ಅದೇ ಕೆಲಸ ಲಿನಕ್ಸಿನಲ್ಲಿ ಕನ್ನಡವನ್ನು ನೆಟ್ಟಗೆ ಮಾಡಿತು. ನನ್ನನ್ನು ಕೇಳಿದರೆ ಮೊಜಿಲ್ಲಾ ಮಾಡಿದ್ದು ಸರಿ. 98ರಲ್ಲಿ ಕನ್ನಡದ ಪುಟ ಹೇಗೂ ಚೌಕವೇ, ಅದಕ್ಕೆ ಬೆಂಬಲ ಕೊಟ್ಟರೂ ನಮಗೆ ದಕ್ಕುವುದು ಕಡಿಮೆ.

ವೆಬ್‌ಸೈಟುಗಳ ಕಥೆ ಬೇರೆ. ಅಲ್ಲಿ ಹಳೆಯದನ್ನು ಹಿಡಿದುಕೊಂಡಿದ್ದವರು ಓದುಗರಲ್ಲ, ಹೋಸ್ಟಿಂಗ್ ಕಂಪನಿಗಳು. ಪಿಎಚ್‌ಪಿ 5 ಬಂದದ್ದು 2004ರಲ್ಲಿ. ಮೂರು ವರ್ಷವಾದರೂ ಹೋಸ್ಟುಗಳು 4ನ್ನು ಬಿಡಲಿಲ್ಲ. ತಂತ್ರಾಂಶಗಳೆಲ್ಲ 4ರಲ್ಲೇ ನಡೆಯುತ್ತವಲ್ಲ, ನಾವ್ಯಾಕೆ ಬದಲಾಯಿಸಬೇಕು ಅಂತ ಹೋಸ್ಟುಗಳು. ಹೋಸ್ಟುಗಳಲ್ಲಿ 4 ಇದೆಯಲ್ಲ, ನಾವ್ಯಾಕೆ ಬಿಡಬೇಕು ಅಂತ ತಂತ್ರಾಂಶ ಬರೆಯುವವರು. ನೀ ಮೊದಲು, ನೀ ಮೊದಲು! ಕೊನೆಗೆ 2007ರಲ್ಲಿ ಡ್ರುಪಲ್ ಮತ್ತು ಇನ್ನೂ ಹಲವು ಯೋಜನೆಗಳು 'ಗೋ ಪಿಎಚ್‌ಪಿ 5' ಎಂಬ ಹೆಸರಿನಲ್ಲಿ ಸೇರಿ ಒಂದು ದಿನ ಗೊತ್ತುಮಾಡಿದವು. 2008ರ ಫೆಬ್ರವರಿ 5ರ ನಂತರ ನಮ್ಮ ಹೊಸ ಆವೃತ್ತಿಗಳಿಗೆ ಪಿಎಚ್‌ಪಿ 5.2 ಬೇಕೇ ಬೇಕು, ಈಗಲೇ ಹೇಳಿದ್ದೇವೆ ಅಂತ. ನಮ್ಮ ಸಂಪದವೂ ಡ್ರುಪಲ್ ಮೇಲೆಯೇ ಕಟ್ಟಿದ್ದು. ಮೊದಲೇ ದಿನ ಹೇಳಿ, ಎಲ್ಲರೂ ಒಟ್ಟಿಗೆ ದಾಟುವ ಈ ಕ್ರಮ ನನಗೆ ಬಹಳ ಹಿಡಿಸಿತು.

ವರ್ಡ್‌ಪ್ರೆಸ್ ಮಾತ್ರ ಆ ಗುಂಪಿಗೆ ಸೇರಲಿಲ್ಲ. ಅದು ಕಾದು ನೋಡುವ ಪೈಕಿ. ವರ್ಡ್‌ಪ್ರೆಸ್ ಹಾಕಿದ ತಾಣಗಳಿಂದ ಅವರಿಗೆ ಆವೃತ್ತಿಗಳ ಲೆಕ್ಕ ಸಿಗುತ್ತದೆ. 2010ರಲ್ಲಿ 5.2ಕ್ಕಿಂತ ಹಳೆಯದನ್ನು ಬಳಸುವವರು ನೂರಕ್ಕೆ ಸುಮಾರು 11 ಅಂತಾದ ಮೇಲೆಯೇ ನಿರ್ಧಾರ ಹೇಳಿದರು, 2011ರ ಜುಲೈನಲ್ಲಿ 3.2 ಆವೃತ್ತಿಯೊಂದಿಗೆ ಜಾರಿಗೆ ತಂದರು. ಕನ್ನಡದವರಿಗೆ ಇದರಲ್ಲಿ ಹೆಚ್ಚು ತಟ್ಟಿದ್ದು ಪಿಎಚ್‌ಪಿ ಅಲ್ಲ, ಮೈಎಸ್‌ಕ್ಯೂಎಲ್. ಅಕ್ಷರಗಳನ್ನು ಯುಟಿಎಫ್-8 ಆಗಿ ಗುರುತಿಸುವುದು ಮೈಎಸ್‌ಕ್ಯೂಎಲ್‌ಗೆ 4.1ರಿಂದ ಬಂತು. ವರ್ಡ್‌ಪ್ರೆಸ್ 2009ರ ಕೊನೆಯ ತನಕ 4.0ನ್ನೂ ಬೆಂಬಲಿಸುತ್ತಿತ್ತು. ಹಾಗಾಗಿ ಹಳೆಯ ತಾಣಗಳಲ್ಲಿ ಕನ್ನಡವನ್ನು 'ಇದು ಲ್ಯಾಟಿನ್' ಅಂತ ಸುಳ್ಳು ಹೇಳಿ ಒಳಗಿಡುವುದು ನಡೆದೇ ಇತ್ತು. ನುಡಿಯ ಫಾಂಟಿನ ಸುಳ್ಳೇ ಇನ್ನೊಂದು ವೇಷದಲ್ಲಿ! ಬ್ಲಾಗನ್ನು ಬೇರೆ ಹೋಸ್ಟಿಗೆ ಸಾಗಿಸಿದಾಗ ಬರಹವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾದ ಕಥೆ ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆಯೋ. ಆಗೆಲ್ಲ ಪುಣ್ಯಕ್ಕೆ ಬ್ಲಾಗ್‌ಸ್ಪಾಟಿನಲ್ಲಿದ್ದೇವೆ ಅನ್ನಿಸುತ್ತದೆ.

ಮೊಬೈಲಿನಲ್ಲೂ ಇದೇ ಆಟ. ಆಂಡ್ರಾಯ್ಡಿಗೆ ಕನ್ನಡ ಬಂದದ್ದು 2012ರ 4.1ರಲ್ಲಿ. ಅದಕ್ಕಿಂತ ಹಳೆಯ ಫೋನನ್ನೂ ಬಿಡಬಾರದು ಅಂದುಕೊಂಡವರು ಆ್ಯಪಿನ ಒಳಗೇ ಚೂರಕ್ಷರದ ಫಾಂಟ್ ಸೇರಿಸಿ ನುಡಿಯ ಕಾಲದ ಉಪಾಯವನ್ನೇ ಮತ್ತೆ ಮಾಡಿದರು. ನಾನು ಹೈಸ್ಕೂಲಿನಲ್ಲಿದ್ದಾಗ ಮನೆಯಲ್ಲಿದ್ದ ಕೀಪ್ಯಾಡ್ ಫೋನಿನಲ್ಲಿ ಒಪೆರಾ ಮಿನಿಯ ಗುಟ್ಟಿನ ಸೆಟ್ಟಿಂಗ್ ಬದಲಾಯಿಸಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಕನ್ನಡ ಓದುತ್ತಿದ್ದೆ. ಲಿಪಿ ಬಾರದ ಫೋನಿಗೂ ಕನ್ನಡ ತೋರಿಸಿ, ಮೂಲ ಪಠ್ಯವನ್ನು ಮಾತ್ರ ಕೆಡಿಸದೆ ಇಟ್ಟ ಉಪಾಯ ಅದು. ಅಷ್ಟು ಜಾಣತನ ಆಮೇಲೆ ಕಂಡದ್ದು ಕಡಿಮೆ.

ಇನ್ನು ಪೈಥಾನ್. ಪೈಥಾನ್ 2ರಲ್ಲಿ ಕನ್ನಡದ ಜೊತೆ ಕೆಲಸ ಮಾಡಿದವರಿಗೆ ಒಂದು ದೋಷಸಂದೇಶ ಕನಸಲ್ಲೂ ಬರುತ್ತದೆ: ಆಸ್ಕಿ ಕೋಡೆಕ್‌ಗೆ 224ನೇ ಬೈಟ್ ಅರ್ಥವಾಗಲಿಲ್ಲ (ಅದು ತೋರಿಸುವುದು ಹದಿನಾರರ ಲೆಕ್ಕದಲ್ಲಿ, ಇ ಮತ್ತು ಸೊನ್ನೆ ಅಂತ). ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಅಕ್ಷರವೂ ಮೂರು ಬೈಟು, ಅದರಲ್ಲಿ ಮೊದಲನೆಯದು ಯಾವಾಗಲೂ 224. ಅಂದರೆ ಕನ್ನಡದ ಮೊದಲ ಅಕ್ಷರಕ್ಕೇ ಅದು ಮುಗ್ಗರಿಸುತ್ತದೆ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ದೋಷ ಬರುವುದೇ ಇಲ್ಲ, ಹಾಗಾಗಿ ಅವನಿಗೆ ಪೈಥಾನ್ 2ರಲ್ಲಿ ಏನು ತೊಂದರೆ ಇದೆ ಅಂತಲೇ ತಿಳಿಯುತ್ತಿರಲಿಲ್ಲ. 2008ರ ಡಿಸೆಂಬರಿನಲ್ಲಿ ಬಂದ 3.0 ಪಠ್ಯ ಬೇರೆ, ಬೈಟ್ ಬೇರೆ ಅಂತ ಗೆರೆ ಎಳೆಯಿತು. ಹಳೆಯ ಪ್ರೋಗ್ರಾಮುಗಳು ಮುರಿದವು, ಜನ ಬೈದರು, ಬದಲಾಗಲಿಲ್ಲ. 2.7ರ ಕೊನೆಯ ದಿನವನ್ನು 2015ರಿಂದ 2020ರ ಜನವರಿ 1ಕ್ಕೆ ಮುಂದೂಡಬೇಕಾಯಿತು. 2012ರ 3.3ರಲ್ಲಿ ಹಳೆಯ ಒಂದು ಬರವಣಿಗೆಯ ಕ್ರಮವನ್ನು ವಾಪಸ್ ತಂದರು, ಆಗ ಒಂದೇ ಪ್ರೋಗ್ರಾಮು 2 ಮತ್ತು 3 ಎರಡರಲ್ಲೂ ನಡೆಯುವಂತೆ ಬರೆಯುವುದು ಸುಲಭವಾಯಿತು. ಅದಾದ ಮೇಲೆಯೇ ನಿಜವಾದ ದಾಟುವಿಕೆ ನಡೆದದ್ದು. 2017ರ ಡಿಸೆಂಬರಿನಲ್ಲಿ ಜಾಂಗೋ 2.0 ಪೈಥಾನ್ 2ನ್ನು ಪೂರ್ತಿ ಕೈಬಿಟ್ಟಿತು. ನಾನು ಇಂಜಿನಿಯರಿಂಗ್ ಓದುತ್ತಿದ್ದದ್ದು ಆಗಲೇ. ಕ್ಲಾಸಿನಲ್ಲಿ 2, ಹಾಸ್ಟೆಲಿನಲ್ಲಿ 3.

ಈಗಿನ ಯೋಜನೆಗಳು ಕ್ಯಾಲೆಂಡರ್ ನೋಡಿ ನಿರ್ಧರಿಸುತ್ತವೆ. ನಂಪೈಯವರು 2019ರಲ್ಲಿ ಒಂದು ನಿಯಮ ಬರೆದರು: ಕಳೆದ 42 ತಿಂಗಳಲ್ಲಿ ಬಂದ ಪೈಥಾನ್ ಆವೃತ್ತಿಗಳಿಗೆ ಮಾತ್ರ ಬೆಂಬಲ. ಇನ್ನು ಪೈಥಾನ್ ಯಾವ ವಿಂಡೋಸಿನಲ್ಲಿ ನಡೆಯಬೇಕು ಎಂಬುದು ಮೈಕ್ರೋಸಾಫ್ಟ್ ಅದನ್ನು ಎಲ್ಲಿಯತನಕ ಸಾಕುತ್ತದೆ ಎಂಬುದರ ಮೇಲೆ. ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲಿ ಮುಗಿಯಿತು, 3.5 ಎಕ್ಸ್‌ಪಿಯಲ್ಲಿ ನಡೆಯಲಿಲ್ಲ. 7ಕ್ಕೆ 2020ರ ಜನವರಿಯಲ್ಲಿ ಮುಗಿಯಿತು, 3.9 ನಡೆಯಲಿಲ್ಲ. ಬಿಡುವಿನ ವೇಳೆಯಲ್ಲಿ ಪುಕ್ಕಟೆ ಕೆಲಸ ಮಾಡುವವರು ಇಂಥದ್ದೊಂದು ನಿಯಮ ಇಟ್ಟುಕೊಂಡರೆ ತಪ್ಪೇನಿಲ್ಲ, ಇಲ್ಲದಿದ್ದರೆ ಪ್ರತಿ ಸಲವೂ ಜಗಳವೇ. ನಾನೂ ಅದನ್ನೇ ಕಣ್ಣುಮುಚ್ಚಿ ನಕಲು ಮಾಡಿದವನು.

ಆದರೆ ಎಲ್ಲರ ಲೆಕ್ಕದಲ್ಲೂ ಒಂದು ತೂತಿದೆ. ವರ್ಡ್‌ಪ್ರೆಸ್ಸಿಗೆ ನೂರಕ್ಕೆ 11 ಅಂತ ಗೊತ್ತಾದದ್ದು ಆ ತಾಣಗಳು ನೆಟ್ಟಿನಲ್ಲಿದ್ದವು ಅಂತ. ನನ್ನ ಪ್ರಾಜೆಕ್ಟ್ ಪುಟದ ಡೌನ್‌ಲೋಡ್ ಸಂಖ್ಯೆಯೂ ಅಷ್ಟೇ. ಕಾಕಾನ ಯಂತ್ರ ನೆಟ್ಟಿಗೆ ಬರುವುದೇ ಇಲ್ಲ, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನುಡಿ ಫೈಲುಗಳು ರಾಶಿ ರಾಶಿ ಬಿದ್ದಿರುವುದು ಮಾತ್ರ ಇಂಥ ಯಂತ್ರಗಳಲ್ಲೇ. ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇಟ್ಟುಕೊಂಡವನ ಹತ್ತಿರ ಬದಲಾಯಿಸಲು ನುಡಿ ಫೈಲು ಎಷ್ಟಿರುತ್ತವೆ? ಅಂದರೆ ನಾನು ಯಾರಿಗೆ ಬೇಡವೋ ಅವರಿಗೆಲ್ಲ ಬೆಂಬಲ ಕೊಟ್ಟು, ಬೇಕಾದವರನ್ನೇ ಬಿಟ್ಟಿದ್ದೆ.

ಮರುದಿನ ಕಾಕಾನನ್ನು ಕೇಳಿದೆ, ವಿಂಡೋಸ್ 10 ಹಾಕಿಬಿಡಲಾ ಅಂತ. "ಪ್ರಿಂಟರ್ ನಿಂತರ ನೀ ಬೆಂಗಳೂರಿಂದ ಬರ್ತಿ ಏನು? ಚಲೋ ನಡದದ. ನಡದದ್ದನ್ನ ಯಾಕ ಕೆಡಸಬೇಕು?" ಎರಡು ಜಿಬಿ ರ್‍ಯಾಮಿನ 32 ಬಿಟ್ ಯಂತ್ರ, ಅವನ ಮಾತಲ್ಲಿ ಅರ್ಥವಿತ್ತು.

ಹಾಗಾಗಿ ಮೂರು ದಿನ ಕೂತು ಮಾಡಿದ್ದು ಇಷ್ಟು. 'ಮ್ಯಾಚ್' ತೆಗೆದು ಇಫ್-ಎಲ್ಸ್ ಹಾಕಿದೆ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ 3.8, ಅದರ 32 ಬಿಟ್ ಆವೃತ್ತಿಯಲ್ಲಿ ಒಂದು ಹಳೆಯ ಕವಲು ಕಟ್ಟಿದೆ. 3.8ಕ್ಕೇ 2024ರ ಅಕ್ಟೋಬರಿನಲ್ಲಿ ಬೆಂಬಲ ಮುಗಿದಿದೆ, ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಲ್ಲ ಅಂತ ನೀವು ಅನ್ನಬಹುದು. ನೆಟ್ಟಿಲ್ಲದ ಯಂತ್ರದಲ್ಲಿ ಪಠ್ಯದ ಫೈಲು ಓದಿ ಪಠ್ಯದ ಫೈಲು ಬರೆಯುವ ಪ್ರೋಗ್ರಾಮಿಗೆ ಅಷ್ಟರ ಮಟ್ಟಿನ ಅಪಾಯ ಒಪ್ಪಿಕೊಂಡೆ. ಇನ್ನೊಂದು ಬದಲಾವಣೆ: ನುಡಿಯ ಯಾವ ಗುರುತು ಯೂನಿಕೋಡಿನ ಯಾವ ಅಕ್ಷರ ಎಂಬ ಪಟ್ಟಿ ಪ್ರೋಗ್ರಾಮಿನ ಒಳಗೇ ಇತ್ತು, ಅದನ್ನು ಹೊರಗೆ ಒಂದು ಸಾದಾ ಪಠ್ಯದ ಫೈಲಿಗೆ ತಂದೆ. ಹಳೆಯ ಕವಲು, ಹೊಸದು ಎರಡೂ ಅದೇ ಪಟ್ಟಿಯನ್ನು ಓದುತ್ತವೆ. ಹಳೆಯ ಕವಲಿಗೆ ಹೊಸ ಸೌಲಭ್ಯ ಏನೂ ಬರುವುದಿಲ್ಲ, ಪಟ್ಟಿಯ ತಿದ್ದುಪಡಿ ಮಾತ್ರ ಬರುತ್ತದೆ.

ಸುರಪುರದಲ್ಲಿ ಕಾಕಾನ ಗೆಳೆಯನ ಅಂಗಡಿಯಲ್ಲಿ ಎಕ್ಸ್‌ಪಿಯೇ ಇದೆಯಂತೆ. ಅಲ್ಲಿಗೆ ನಾನು ಕೈಮುಗಿದೆ. ಎಕ್ಸ್‌ಪಿಗೆ ಪೈಥಾನ್ 3.4ಕ್ಕೆ ಇಳಿಯಬೇಕು, ಅರ್ಧ ಪ್ರೋಗ್ರಾಮು ತಿರುಗಿ ಬರೆಯಬೇಕು. ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶಹಾಪುರಕ್ಕೆ ಬಸ್ ಹತ್ತಲು ಹೇಳಿದ್ದೇನೆ. ಅವರನ್ನು ಬಿಟ್ಟೆ ಅಂತ ಬೇಜಾರಿದೆ. ಆದರೆ ಈ ಸಲ ಯಾರನ್ನು ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಟ್ಟದ್ದು.

ಮೊದಲ ಫೈಲು ಬದಲಾಗಿ ಬಂದಾಗ ಮಾಸ್ತರು ಕನ್ನಡಕ ಏರಿಸಿ ಓದಿದರು. ನಾಲ್ಕನೆಯ ಸಾಲಿಗೆ ನಿಂತರು. "ಇದೇನ್ರೀ ಸರ್, ಕಬರ್ಲಾ?" ಅಂದರು. ನನ್ನನ್ನೂ ಸರ್ ಅನ್ನುತ್ತಾರೆ, ಮುಜುಗರವಾಗುತ್ತದೆ. ಮೊಹರಂ ಪದದಲ್ಲಿ ಕರ್ಬಲಾ ಬಾರದ ಪುಟವೇ ಇಲ್ಲ. ನುಡಿಯಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಇಡುತ್ತಾರೆ, ಯೂನಿಕೋಡಿನಲ್ಲಿ ಅದು ಮೊದಲು ಬರಬೇಕು. ನನ್ನ ಪ್ರೋಗ್ರಾಮು ಸಾಮಾನ್ಯವಾಗಿ ಅದನ್ನು ಹಿಂದಕ್ಕೆ ತರುತ್ತದೆ. ಈ ಹಳೆಯ ಫೈಲುಗಳಲ್ಲಿ ನಡುವೆ ಒಂದು ಹೆಚ್ಚಿನ ಗುರುತು ಸೇರಿಕೊಂಡಿತ್ತು, ಅಲ್ಲಿ ಎಡವಿತ್ತು. ನಾನು ಲ್ಯಾಪ್‌ಟಾಪ್ ತೆಗೆಯುವಷ್ಟರಲ್ಲಿ ಕಾಕಾ ಪಟ್ಟಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಮೇಲಿನ ಸಾಲು ನೋಡಿ ಹಾಗೇ ಇನ್ನೊಂದು ಸಾಲು ಸೇರಿಸಿ, ಮತ್ತೆ ಓಡಿಸಿದ್ದ. ಕರ್ಬಲಾ ಸರಿಯಾಯಿತು. ಆ ಸಾಲನ್ನು ಪೆನ್‌ಡ್ರೈವಿನಲ್ಲಿ ತಂದು ಹೊಸ ಆವೃತ್ತಿಗೂ ಸೇರಿಸಿದ್ದೇನೆ.

ನಾನೂರು ಪುಟದಲ್ಲಿ ನೂರಾ ಇಪ್ಪತ್ತು ಆಗಿದೆ. ಉಳಿದದ್ದನ್ನು ಮಾಸ್ತರು ದಿನಾ ಸಂಜೆ ಅಂಗಡಿಗೆ ಬಂದು ಓದಿ ತಿದ್ದುತ್ತಿದ್ದಾರೆ. ಡಿಸ್ಕಿನ ನಕಲನ್ನೂ ಎರಡು ಕಡೆ ಇಟ್ಟಾಯಿತು. ನಿಮ್ಮೂರಿನ ಯಾವುದಾದರೂ ಅಂಗಡಿಯಲ್ಲಿ ಇಂಥ ಹಳೆಯ ನುಡಿ ಫೈಲುಗಳಿದ್ದು, ನನ್ನ ತಂತ್ರಾಂಶ ಅಕ್ಷರ ತಪ್ಪಿಸಿದರೆ ಒಂದೆರಡು ಸಾಲು ಕಳಿಸಿ. ಜೊತೆಗೆ ಅಲ್ಲಿ ಯಾವ ವಿಂಡೋಸ್ ಇದೆ ಅಂತಲೂ ತಿಳಿಸಿ.